ಉಗ್ರಾಣದ ಗುರುತು: ವಾಯುಪಡೆಗಳ ಹಳೆಯ ಕೈಗಡಿಯಾರಗಳನ್ನು ಸಂಗ್ರಹಿಸುವ ಬಗೆ

ಹಳೆಯ ವಾಚುಗಳ ಮಾರುಕಟ್ಟೆಯಲ್ಲಿ ‘ಪೈಲಟ್ ವಾಚ್’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕಪ್ಪು ಡಯಲ್, ದಪ್ಪ ಬಿಳಿ ಅಂಕಿಗಳು, ಹನ್ನೆರಡರ ಜಾಗದಲ್ಲಿ ಒಂದು ತ್ರಿಕೋನ ಇದ್ದರೆ ಮಾರುವವರು ಅದನ್ನು ಪೈಲಟ್ ವಾಚ್ ಎನ್ನುತ್ತಾರೆ. ಅದು ಮೊದಲನೆಯ ಅರ್ಥ. ಒಂದು ದೇಶದ ವಾಯುಪಡೆ ತನಗೆ ಬೇಕಾದ ವಿವರಗಳನ್ನು ತಾನೇ ಗೊತ್ತುಮಾಡಿ, ತಯಾರಕರಿಂದ ಮಾಡಿಸಿಕೊಂಡು, ಉಗ್ರಾಣದ ಸಂಖ್ಯೆಯನ್ನು ಹಿಂಬದಿಗೆ ಕೆತ್ತಿಸಿ, ಸಹಿ ಹಾಕಿಸಿಕೊಂಡು ಸಿಬ್ಬಂದಿಯ ಕೈಗೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ಪಡೆಯುತ್ತಿದ್ದ ವಾಚು ಎರಡನೆಯದು. ಈ ಬರಹ ಎರಡನೆಯ ಬಗೆಯ ವಾಚುಗಳನ್ನು ಸಂಗ್ರಹಿಸಲು ಹೊರಟವರಿಗಾಗಿ.

ನಮ್ಮಲ್ಲಿ ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕನ್ನಡಿಗರ ಪೈಕಿ ಅನೇಕರಿಗೆ ಪೈಲಟ್ ವಾಚ್ ಎಂದೊಡನೆ ನೆನಪಾಗುವುದು ಎಚ್‌ಎಂಟಿ ಪೈಲಟ್. ಹದಿನೇಳು ಜ್ಯುವೆಲ್‌ಗಳ (ಯಂತ್ರದ ಸವೆತ ತಡೆಯುವ ಪುಟ್ಟ ಹರಳುಗಳ), ದಿನಕ್ಕೊಮ್ಮೆ ಕೀ ಕೊಡಬೇಕಾದ ಆ ವಾಚು ನನಗೂ ಅಚ್ಚುಮೆಚ್ಚಿನದೇ. ಆದರೆ ಡಯಲಿನ ಮೇಲೆ ಪೈಲಟ್ ಎಂದು ಬರೆದಿದ್ದ ಮಾತ್ರಕ್ಕೆ ಒಂದು ವಾಚು ವಾಯುಪಡೆಯ ಉಗ್ರಾಣದಿಂದ ಹೊರಬಂದದ್ದೆಂದು ಆಗುವುದಿಲ್ಲ. ಅದಕ್ಕೆ ಉಗ್ರಾಣದ ಗುರುತೇ ಬೇಕು. ಅಲ್ಲದೆ ಈಗ ಮಾರಾಟಕ್ಕಿರುವ ಎಚ್‌ಎಂಟಿ ಪೈಲಟ್‌ಗಳಲ್ಲಿ ಬಹಳಷ್ಟಕ್ಕೆ ಡಯಲನ್ನು ಹೊಸದಾಗಿ ಬಣ್ಣ ಬಳಿದು ಅಚ್ಚುಹಾಕಲಾಗಿದೆ. ಅಂತಹ ಒಂದೆರಡನ್ನು ಕಡಿಮೆ ಬೆಲೆಗೆ ಕೊಂಡು, ಭೂತಗನ್ನಡಿಯ ಕೆಳಗಿಟ್ಟು, ಹೊಸ ಅಚ್ಚಿನ ಅಕ್ಷರಗಳು ಹೇಗೆ ಅಂಚಿನಲ್ಲಿ ಹರಡಿಕೊಂಡಿರುತ್ತವೆ ಎಂಬುದನ್ನು ಕಣ್ಣಿಗೆ ರೂಢಿಮಾಡಿಕೊಳ್ಳಿ. ಮುಂದೆ ದುಬಾರಿ ವಾಚಿನ ಎದುರು ಕುಳಿತಾಗ ಈ ಅಭ್ಯಾಸ ಕೈಹಿಡಿಯುತ್ತದೆ.

ಸೆಕೆಂಡಿನ ಮುಳ್ಳು ಏಕೆ ನಿಲ್ಲಬೇಕು

ಈ ವಾಚುಗಳನ್ನು ಹೆಚ್ಚಾಗಿ ನೆಚ್ಚಿಕೊಂಡಿದ್ದವನು ವಿಮಾನ ನಡೆಸುವವನಲ್ಲ, ಅವನ ಹಿಂದೆ ನಕ್ಷೆ ಹರಡಿಕೊಂಡು ಕುಳಿತ ನ್ಯಾವಿಗೇಟರ್. ರಾತ್ರಿ ಸಮುದ್ರದ ಮೇಲೆ ಹಾರುವಾಗ ಆತ ಸೆಕ್ಸ್‌ಟೆಂಟ್ ಹಿಡಿದು ನಕ್ಷತ್ರದ ಎತ್ತರವನ್ನು ಅಳೆದು, ಅಳೆದ ಕ್ಷಣವನ್ನು ವಾಚಿನಲ್ಲಿ ನೋಡಿ ಬರೆದುಕೊಳ್ಳುತ್ತಿದ್ದ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಎಂದರೆ 4 ಸೆಕೆಂಡಿಗೆ ರೇಖಾಂಶದ ಒಂದು ಮಿನಿಟು, ಅಂದರೆ ಡಿಗ್ರಿಯ ಅರವತ್ತನೆಯ ಒಂದು ಪಾಲು. ಸಮಭಾಜಕ ವೃತ್ತದ ಬಳಿ ಅದು ಒಂದು ನಾಟಿಕಲ್ ಮೈಲಿಗೆ ಸಮ. ವಾಚು ಅರ್ಧ ನಿಮಿಷ ತಪ್ಪಿದರೆ ವಿಮಾನ ತಾನು ಇದೆಯೆಂದು ತಿಳಿದ ಜಾಗದಿಂದ ಏಳೂವರೆ ಮೈಲಿ ಆಚೆ ಇರುತ್ತದೆ.

ಹಾಗಾಗಿ ಹೊರಡುವ ಮುನ್ನ ಎಲ್ಲರ ವಾಚುಗಳನ್ನೂ ಒಂದೇ ಸೆಕೆಂಡಿಗೆ ಹೊಂದಿಸಬೇಕಿತ್ತು. ಕೀಯನ್ನು ಹೊರಕ್ಕೆ ಎಳೆದಾಗ ಸೆಕೆಂಡಿನ ಮುಳ್ಳು ನಿಂತು, ಒಳಕ್ಕೆ ಒತ್ತಿದಾಗ ಹೊರಡುವ ಏರ್ಪಾಡು ಅದಕ್ಕಾಗಿಯೇ ಬಂತು. ಸಂಗ್ರಾಹಕರು ಇದನ್ನು ‘ಹ್ಯಾಕ್’ ಎನ್ನುತ್ತಾರೆ. ನೀವು ಕೊಳ್ಳಹೊರಟ ವಾಚಿನ ಮೇಲೆ ಮಾಡಬಹುದಾದ ಅತಿ ಸುಲಭದ, ಅಷ್ಟೇ ಉಪಯುಕ್ತವಾದ ಪರೀಕ್ಷೆಯೂ ಇದೇ.

ಎಲ್ಲಿಂದ ಆರಂಭಿಸಬೇಕು

ಅಮೆರಿಕದ ಎ-11 ಮಾದರಿಯಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಲ್ಜಿನ್, ವಾಲ್ತಮ್ ಮತ್ತು ಬುಲೋವಾ ಕಾರ್ಖಾನೆಗಳು ಒಂದೇ ವಿವರಪಟ್ಟಿಗೆ ಅನುಗುಣವಾಗಿ ಇವನ್ನು ಭಾರಿ ಸಂಖ್ಯೆಯಲ್ಲಿ ತಯಾರಿಸಿದವು. ಕಪ್ಪು ಡಯಲ್, ಬಿಳಿ ಅಂಕಿ, ನಡುವಿನಿಂದ ಹೊರಡುವ ಸೆಕೆಂಡಿನ ಮುಳ್ಳು, ಸುಮಾರು 32 ಮಿಲಿಮೀಟರ್ ಅಗಲ. ಈಗಿನವರ ಮಣಿಕಟ್ಟಿಗೆ ಇದು ಚಿಕ್ಕದಾಗಿ ಕಾಣುತ್ತದೆ, ಆ ಕಾರಣಕ್ಕೇ ಬೆಲೆಯೂ ಕೈಗೆಟುಕುವಂತಿದೆ. ಸಂಖ್ಯೆ ಹೆಚ್ಚಿರುವುದರಿಂದ ಹೋಲಿಸಿ ನೋಡಲು ಮಾದರಿಗಳು ಸಿಗುತ್ತವೆ, ತಪ್ಪಾದರೂ ನಷ್ಟ ತಡೆದುಕೊಳ್ಳುವಷ್ಟೇ ಇರುತ್ತದೆ.

ಬ್ರಿಟಿಷ್ ವಾಯುಪಡೆಯ ಮಾರ್ಕ್ 11 ನಂತರದ ಮೆಟ್ಟಿಲು. ಅದರ ವಿಚಾರವನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಫ್ರಾನ್ಸಿನ ಟೈಪ್ 20 ಕ್ರೋನೋಗ್ರಾಫ್‌ಗಳು, ಎಂದರೆ ಸ್ಟಾಪ್‌ವಾಚ್ ಒಳಗೊಂಡ ವಾಚುಗಳು, 1950ರ ದಶಕದವು. ಬ್ರೆಗೆ, ಡೊಡಾನ್, ಒರಿಕೋಸ್ಟ್ ಮೊದಲಾದ ಹೆಸರುಗಳಲ್ಲಿ ಬರುತ್ತವೆ. ಓಡುತ್ತಿರುವ ಕ್ರೋನೋಗ್ರಾಫ್ ಮುಳ್ಳನ್ನು ಒಂದೇ ಒತ್ತಿನಲ್ಲಿ ಸೊನ್ನೆಗೆ ತಂದು, ಗುಂಡಿ ಬಿಟ್ಟೊಡನೆ ಮತ್ತೆ ಓಡಿಸುವುದು ಇವುಗಳ ವಿಶೇಷ. ಪಶ್ಚಿಮ ಜರ್ಮನಿಯ ಸೈನ್ಯಕ್ಕಾಗಿ ಹಾಯರ್ ಮಾಡಿದ 1550 ಎಸ್‌ಜಿ ಕೂಡ ಅದೇ ಬಗೆಯದು. ಕ್ರೋನೋಗ್ರಾಫ್‌ಗಳ ರಿಪೇರಿ ವೆಚ್ಚ ಮೂರು ಮುಳ್ಳಿನ ವಾಚಿಗಿಂತ ಬಹಳ ಹೆಚ್ಚು. ನುರಿತ ಕೈ ಹತ್ತಿರದಲ್ಲಿ ಇಲ್ಲದವರು ಇವನ್ನು ಮೊದಲ ವರ್ಷ ಮುಟ್ಟದಿರುವುದೇ ಲೇಸು.

ಜರ್ಮನ್ ವಾಯುಪಡೆಯ ಬಿ-ಊರ್ ಎಂಬ 55 ಮಿಲಿಮೀಟರ್ ಅಗಲದ ದೈತ್ಯ ವಾಚುಗಳಂತೂ ಆರಂಭಿಕರಿಗಲ್ಲ. ಲಾಂಗೆ, ಲಾಕೋ, ಸ್ಟೋವಾ, ವೆಂಪೆ ಮತ್ತು ಐಡಬ್ಲ್ಯೂಸಿ ಎಂಬ ಐದು ಸಂಸ್ಥೆಗಳು ಮಾತ್ರ ಯುದ್ಧಕಾಲದಲ್ಲಿ ಇವನ್ನು ತಯಾರಿಸಿದವು. ಹಾರಾಟದ ಕೋಟಿನ ತೋಳಿನ ಮೇಲೆ ಕಟ್ಟಿಕೊಳ್ಳುವಷ್ಟು ಉದ್ದದ ಚರ್ಮದ ಪಟ್ಟಿ, ಒಳಗೆ ಜೇಬುಗಡಿಯಾರದ ಗಾತ್ರದ ಯಂತ್ರ, ಕೇಸಿನ ಪಕ್ಕದಲ್ಲಿ ‘ಎಫ್‌ಎಲ್ 23883’ ಎಂಬ ಕೆತ್ತನೆ ಇವುಗಳ ಲಕ್ಷಣ. ಈ ಲಕ್ಷಣಗಳೆಲ್ಲವೂ ಪುಸ್ತಕಗಳಲ್ಲಿ ಅಚ್ಚಾಗಿರುವುದರಿಂದ ನಕಲು ಮಾಡುವವರಿಗೂ ಅವು ಬಾಯಿಪಾಠ. ಬೆಲೆ ಎಷ್ಟು ಏರಿದೆಯೋ ನಕಲಿನ ಕೈಚಳಕವೂ ಅಷ್ಟೇ ಏರಿದೆ.

ಇನ್ನೊಂದು ಎಚ್ಚರಿಕೆ. ಯುದ್ಧದ ಕೊನೆಯಲ್ಲಿ ಬ್ರಿಟಿಷ್ ಭೂಸೇನೆಗಾಗಿ ಹನ್ನೆರಡು ಸ್ವಿಸ್ ತಯಾರಕರು ಮಾಡಿಕೊಟ್ಟ, ಹಿಂಬದಿಯಲ್ಲಿ ಮೂರು ‘ಡಬ್ಲ್ಯೂ’ ಅಕ್ಷರಗಳಿರುವ ವಾಚುಗಳನ್ನು ಎಷ್ಟೋ ಮಂದಿ ಪೈಲಟ್ ವಾಚ್ ಎಂದು ಮಾರುತ್ತಾರೆ. ಅವು ಸಂಗ್ರಹಯೋಗ್ಯವೇ ಹೌದು, ಆದರೆ ನೆಲದ ಮೇಲಿನ ಸೈನಿಕರಿಗೆ ಮಾಡಿಸಿದವು.

ಹಿಂಬದಿಯನ್ನು ಓದುವುದು

ಸೈನಿಕ ವಾಚಿನಲ್ಲಿ ಮೊದಲು ನೋಡಬೇಕಾದದ್ದು ಡಯಲನ್ನಲ್ಲ, ಬೆನ್ನನ್ನು. ಬ್ರಿಟನ್ನಿನ ಸರ್ಕಾರಿ ಸ್ವತ್ತಿಗೆ ಬಾಣದ ತಲೆಯಂತಹ, ಮೂರು ಗೆರೆಗಳ ಗುರುತು ಇರುತ್ತದೆ. ಅದರ ಜೊತೆಗೆ ‘6ಬಿ’ ಎಂದಿದ್ದರೆ ಅದು ವಾಯುಪಡೆಯ ಉಗ್ರಾಣ ಪಟ್ಟಿಯ ವಿಭಾಗ; ಓರೆಗೆರೆಯ ನಂತರದ ಅಂಕಿ ಆ ವಿಭಾಗದೊಳಗಿನ ವಸ್ತುವಿನ ಸಂಖ್ಯೆ. ಮಾರ್ಕ್ 11ರ ಸಂಖ್ಯೆ 6ಬಿ/346. ಅದರ ಕೆಳಗೆ ವಾಚಿನ ಸ್ವಂತ ಸಂಖ್ಯೆ, ಓರೆಗೆರೆ, ವರ್ಷದ ಕೊನೆಯ ಎರಡು ಅಂಕಿಗಳು ಬರುತ್ತವೆ. ನಂತರದ ಕಾಲದ ವಾಚುಗಳಲ್ಲಿ ‘6ಬಿಬಿ’ ಇದ್ದರೆ ವಾಯುಪಡೆ, ‘ಡಬ್ಲ್ಯೂ 10’ ಇದ್ದರೆ ಭೂಸೇನೆ, ‘0552’ ಇದ್ದರೆ ನೌಕಾಪಡೆ.

ನೇಟೋ ದೇಶಗಳು ಒಂದೇ ಬಗೆಯ ಸಂಖ್ಯಾಕ್ರಮಕ್ಕೆ ಬಂದ ಮೇಲೆ ಓದುವುದು ಇನ್ನೂ ಸುಲಭವಾಯಿತು. 6645 ಎಂಬುದು ಕಾಲಮಾಪಕಗಳ ವರ್ಗ. ಅದರ ನಂತರದ ಎರಡು ಅಂಕಿ ದೇಶದ್ದು. 99 ಬ್ರಿಟನ್, 12 ಜರ್ಮನಿ, 14 ಫ್ರಾನ್ಸ್, 15 ಇಟಲಿ. ಜರ್ಮನ್ ಸೈನ್ಯದ ಹಾಯರ್ ಎಂದು ಹೇಳಿ ತೋರಿಸಿದ ವಾಚಿನ ಬೆನ್ನಿನಲ್ಲಿ 6645ರ ನಂತರ 12 ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಫ್ರೆಂಚ್ ವಾಚುಗಳ ಬೆನ್ನಿನಲ್ಲಿ ‘ಎಫ್‌ಜಿ’ ಎಂಬ ಎರಡಕ್ಷರದ ಮುಂದೆ ದಿನಾಂಕಗಳನ್ನು ಒಂದರ ಕೆಳಗೊಂದು ಕೊರೆದಿರುವುದನ್ನು ಕಾಣಬಹುದು. ಅದು ಆ ಸಲದ ರಿಪೇರಿಯ ಖಾತರಿ ಮುಗಿಯುವ ದಿನ. ಜೆಕೊಸ್ಲೊವಾಕಿಯಾದ ವಾಯುಪಡೆಗಾಗಿ ಲಾಂಜಿನ್ಸ್ 1930ರ ದಶಕದಲ್ಲಿ ಮಾಡಿಕೊಟ್ಟ, ಮೂಲೆಗಳು ದುಂಡಗಾದ ಚೌಕದ ವಾಚುಗಳ ಬೆನ್ನಿನಲ್ಲಿ ‘ಮಾಯೆತೆಕ್ ವೋಯೆನ್‌ಸ್ಕೆ ಸ್ಪ್ರಾವಿ’ ಎಂದು ಬರೆದಿದೆ. ‘ಸೈನಿಕ ಆಡಳಿತದ ಸ್ವತ್ತು’ ಎಂಬುದೇ ಅದರ ಅರ್ಥ. ಭಾಷೆ ಯಾವುದಾದರೂ ಹೇಳುವ ಮಾತು ಒಂದೇ: ಇದು ನಿನ್ನದಲ್ಲ, ವಾಪಸು ಕೊಡು.

ಕೆತ್ತನೆ ನಿಜವೋ ಈಚಿನದೋ ಎಂದು ತಿಳಿಯಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಮತ್ತು ಓರೆಯಾಗಿ ಬೀಳುವ ಒಂದು ಬೆಳಕು ಸಾಕು. ವಾಚನ್ನು ನಿಧಾನವಾಗಿ ಓಲಾಡಿಸುತ್ತ ಒಂದು ಅಂಕಿಯ ಅಂಚನ್ನೇ ದಿಟ್ಟಿಸಿ. ಕೆತ್ತಿದ ಮೇಲೆ ವರ್ಷಗಟ್ಟಲೆ ಬಳಕೆಯಾಗಿದ್ದರೆ ಅಂಚು ಮೊಂಡಾಗಿರುತ್ತದೆ, ಸಣ್ಣ ಗೀರುಗಳು ಅಂಕಿಯ ಅಂಚನ್ನು ತರಚಿಕೊಂಡೇ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯ್ದಿರುತ್ತವೆ, ಗುಳಿಯಲ್ಲಿ ಕಪ್ಪಗಿನ ಕೊಳೆ ಗಟ್ಟಿಯಾಗಿ ಕುಳಿತಿರುತ್ತದೆ. ಹಳೆಯ ನಾಗರಿಕ ವಾಚಿಗೆ ನಿನ್ನೆ ಮೊನ್ನೆ ಬಾಣದ ಗುರುತು ಹಾಕಿದ್ದರೆ ಕತೆ ತಿರುಗುಮುರುಗು. ಅಲ್ಲಿ ಹಳೆಯ ಗೀರುಗಳನ್ನು ಹೊಸ ಕೆತ್ತನೆ ಕತ್ತರಿಸಿರುತ್ತದೆ. ಬೆನ್ನು ಸವೆದಿದ್ದರೂ ಅಂಕಿಯ ಅಂಚು ಮಾತ್ರ ಉಗುರಿಗೆ ತಾಗುವಷ್ಟು ಚೂಪಾಗಿರುತ್ತದೆ.

ಮಾರ್ಕ್ 11ನ್ನು ಕೈಯಲ್ಲಿ ಹಿಡಿದಾಗ

ಈ ಒಂದು ವಾಚನ್ನು ಸರಿಯಾಗಿ ಅರಿತರೆ ಉಳಿದವನ್ನು ಅರಿಯುವ ದಾರಿ ತೆರೆದಂತೆ. 1948ರ ಹೊತ್ತಿಗೆ ವಿವರಪಟ್ಟಿ ಸಿದ್ಧವಾಗಿ, ಐಡಬ್ಲ್ಯೂಸಿ ಮತ್ತು ಜೇಗರ್-ಲಕುಲ್ತ್ರ್ ಎಂಬ ಎರಡು ಸಂಸ್ಥೆಗಳು ಇದನ್ನು ತಯಾರಿಸಿದವು. ಸೇವೆಗೆ ಕಳಿಸುವ ಮುನ್ನ ಇಂಗ್ಲೆಂಡಿನ ಹರ್ಸ್ಟ್‌ಮಾನ್ಸೋದಲ್ಲಿದ್ದ ಗ್ರೀನಿಚ್ ವೀಕ್ಷಣಾಲಯದ ಕಾಲಮಾಪಕ ವಿಭಾಗದಲ್ಲಿ ಇವುಗಳ ನಡೆಯನ್ನು ಪರೀಕ್ಷಿಸುತ್ತಿದ್ದರು. ವಾಯುಪಡೆಯ ಬಳಕೆಯಲ್ಲಿ ಇದು 1981ರವರೆಗೂ ಇತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೈನ್ಯದಲ್ಲಿದ್ದ ವಸ್ತು ಎಷ್ಟು ಸಲ ರಿಪೇರಿಯಾಗಿರಬಹುದು ಎಂದು ಯೋಚಿಸಿದರೆ, ಸಂಗ್ರಾಹಕರು ಹಿಡಿದು ಜಗ್ಗುವ ‘ಒರಿಜಿನಲ್’ ಎಂಬ ಮಾತನ್ನು ಇಲ್ಲಿ ಬೇರೆ ರೀತಿಯಲ್ಲಿ ಅರ್ಥಮಾಡಿಕೊಳ್ಳಬೇಕಾಗುತ್ತದೆ ಎಂಬುದು ಹೊಳೆಯುತ್ತದೆ.

ನಾಗರಿಕ ವಾಚಿನಲ್ಲಿ ಕಾರ್ಖಾನೆಯಿಂದ ಹೊರಬಂದ ಸ್ಥಿತಿಯೇ ಮೂಲಸ್ಥಿತಿ. ಸೈನಿಕ ವಾಚಿನಲ್ಲಿ ಉಗ್ರಾಣದಿಂದ ಕೊನೆಯ ಸಲ ಹೊರಬಂದ ಸ್ಥಿತಿಯೇ ಮೂಲಸ್ಥಿತಿ ಎಂಬುದು ನನ್ನ ಎಣಿಕೆ. ಮಾರ್ಕ್ 11ರ ಡಯಲನ್ನೇ ತೆಗೆದುಕೊಳ್ಳಿ. ಮೊದಮೊದಲಿನ ಡಯಲಿನಲ್ಲಿ ಹೊಳೆಯುವ ಬಣ್ಣಕ್ಕೆ ರೇಡಿಯಮ್ ಬಳಸಿದ್ದರು. 1960ರ ದಶಕದ ಆರಂಭದಲ್ಲಿ ರೇಡಿಯಮ್ಮಿನ ಬದಲು ಟ್ರಿಟಿಯಮ್ ಎಂಬ ಇನ್ನೊಂದು ವಿಕಿರಣ ವಸ್ತು ಬಂತು. ಸೈನ್ಯವೇ ವಾಚುಗಳನ್ನು ಹಿಂದಕ್ಕೆ ತರಿಸಿ, ಡಯಲ್ ಮತ್ತು ಮುಳ್ಳುಗಳನ್ನು ಬದಲಾಯಿಸಿ, ವೃತ್ತದೊಳಗೆ ‘ಟಿ’ ಅಕ್ಷರವಿರುವ ಡಯಲ್ ಹಾಕಿಸಿತು. ಬೆನ್ನಿನಲ್ಲಿ 1951ರ ಗುರುತಾಗಿ 51 ಎಂದಿದ್ದು ಡಯಲಿನಲ್ಲಿ ‘ಟಿ’ ಇದ್ದರೆ ಹೊಸಬರು ಜೋಡಿಸಿದ ವಾಚು ಎಂದು ಬೆಚ್ಚಿಬೀಳುತ್ತಾರೆ. ಹಾಗೇನೂ ಇಲ್ಲ, ಅದು ಉಗ್ರಾಣದ ಕೆಲಸ, ವಾಚಿನ ಚರಿತ್ರೆಯ ಒಂದು ಭಾಗ. ಆದರೆ ಅದೇ ವಾಚಿನ ಡಯಲಿಗೆ ವ್ಯಾಪಾರಿಯೊಬ್ಬ ಹೋದ ವರ್ಷ ಬಣ್ಣ ಬಳಿಸಿದ್ದರೆ ಅದು ಚರಿತ್ರೆಯಲ್ಲ. ಸೈನ್ಯದಲ್ಲಿದ್ದಾಗ ಆದ ಬದಲಾವಣೆಗಳನ್ನು ಗೌರವದಿಂದ ಒಪ್ಪಿಕೊಂಡು, ಹೊರಬಂದ ಮೇಲೆ ಆದ ಪ್ರತಿಯೊಂದಕ್ಕೂ ಲೆಕ್ಕ ಕೇಳುವುದು ಈ ಹವ್ಯಾಸದಲ್ಲಿ ಬೆಳೆಸಿಕೊಳ್ಳಬೇಕಾದ ವಿವೇಕ.

ಇನ್ನು ಒಳಗೆ. ವಾಚು ರಿಪೇರಿಯವರ ಬಳಿ ಕುಳಿತು ಹಿಂಬದಿಯ ಮುಚ್ಚಳವನ್ನು ತಿರುಗಿಸಿ ತೆಗೆಸಿ. ಒಡನೆಯೇ ಓಡುತ್ತಿರುವ ಯಂತ್ರ ಕಣ್ಣಿಗೆ ಬಿದ್ದರೆ ಅನುಮಾನಪಡಬೇಕು, ಏಕೆಂದರೆ ಮುಚ್ಚಳದ ಕೆಳಗೆ ಮೃದು ಕಬ್ಬಿಣದ ಇನ್ನೊಂದು ಮುಚ್ಚಳ ಇರಲೇಬೇಕು. ವಿಮಾನದ ಉಪಕರಣಗಳ ಕಾಂತಶಕ್ತಿ ಕೂದಲೆಳೆಯಂತಹ ಹೇರ್‌ಸ್ಪ್ರಿಂಗನ್ನು ಹಿಡಿದು ಕಾಲವನ್ನು ಕೆಡಿಸಬಾರದೆಂದು ಯಂತ್ರದ ಸುತ್ತ ಕಬ್ಬಿಣದ ಪುಟ್ಟ ಡಬ್ಬಿಯನ್ನೇ ಕಟ್ಟಿದ್ದಾರೆ. ಡಯಲ್ ಕೂಡ ಆ ಡಬ್ಬಿಯ ಒಂದು ಗೋಡೆ. ಯಾವುದೋ ರಿಪೇರಿಯಲ್ಲಿ ಒಳಮುಚ್ಚಳ ಕಳೆದುಹೋಗಿರುವ ವಾಚುಗಳು ಇಲ್ಲದಿಲ್ಲ. ಅದನ್ನೂ ತೆಗೆದರೆ ಐಡಬ್ಲ್ಯೂಸಿಯದಾದರೆ ಕ್ಯಾಲಿಬರ್ 89 ಎಂಬ ಹದಿನೇಳು ಜ್ಯುವೆಲ್‌ಗಳ ಯಂತ್ರ ಕಾಣುತ್ತದೆ, ಅದರ ಮೇಲೂ ಬಾಣದ ಗುರುತು ಇರುತ್ತದೆ. ಬೆನ್ನು, ಡಯಲ್, ಯಂತ್ರ ಮೂರರಲ್ಲೂ ಬಾಣ ಇದೆಯೇ ಎಂದು ನೋಡುವುದು ಮುಖ್ಯ. ಕ್ಯಾಲಿಬರ್ 89ನ್ನು ಐಡಬ್ಲ್ಯೂಸಿ ನಾಗರಿಕರ ವಾಚುಗಳಲ್ಲೂ ಬಳಸಿದ್ದರಿಂದ, ಬಾಣವಿಲ್ಲದ ಯಂತ್ರವನ್ನು ಸೈನಿಕ ಕೇಸಿಗೆ ಕೂರಿಸುವುದು ಕಷ್ಟದ ಕೆಲಸವೇನಲ್ಲ.

ಹೊಳೆಯುವ ಬಣ್ಣದ ವಿಚಾರ

ರೇಡಿಯಮ್ ಬಣ್ಣದ ವಾಚು ಈಗ ಕತ್ತಲಲ್ಲಿ ಹೊಳೆಯುವುದಿಲ್ಲ. ಹೊಳೆಯದ ಕಾರಣ ಅದರ ವಿಕಿರಣ ತೀರಿಹೋಗಿದೆ ಎಂದು ಭಾವಿಸುವುದು ದೊಡ್ಡ ತಪ್ಪು. ತೀರಿಹೋಗಿರುವುದು ಬೆಳಕು ಕೊಡುವ ಸತುವಿನ ಸಲ್ಫೈಡ್. ರೇಡಿಯಮ್ಮಿನ ಅರ್ಧಾಯುಷ್ಯ (ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ) ಸುಮಾರು 1600 ವರ್ಷ, ಎಂದರೆ ಅದು ಹೆಚ್ಚುಕಡಿಮೆ ಬಳಿದ ದಿನದಷ್ಟೇ ಇದೆ. ಟ್ರಿಟಿಯಮ್ಮಿನ ಅರ್ಧಾಯುಷ್ಯ 12.3 ವರ್ಷ ಮಾತ್ರ. 1963ರಲ್ಲಿ ಹಾಕಿದ ಟ್ರಿಟಿಯಮ್ಮಿನಲ್ಲಿ ಈಗ ಉಳಿದಿರುವುದು ನೂರಕ್ಕೆ ಮೂರು ಪಾಲಿನಷ್ಟು. ಅದರ ಕಿರಣವೂ ಗಾಜನ್ನು ದಾಟಲಾರದಷ್ಟು ದುರ್ಬಲ.

ಗುರುತಿಸಲು ಅತಿನೇರಳೆ ಟಾರ್ಚು ಬೇಕು. ಕತ್ತಲೆ ಕೋಣೆಯಲ್ಲಿ ಡಯಲಿನ ಮೇಲೆ ಬೆಳಕು ಬಿಟ್ಟು ಆರಿಸಿ. ಹಳೆಯ ಬಣ್ಣವಾದರೆ ಬೆಳಕು ಆರಿದೊಡನೆ, ಅಥವಾ ಒಂದೆರಡು ಕ್ಷಣದಲ್ಲಿ, ಅದೂ ಆರುತ್ತದೆ. ರೇಡಿಯಮ್ಮಿನದಾದರೆ ಎಷ್ಟೋ ಸಲ ಟಾರ್ಚಿಗೂ ಸ್ಪಂದಿಸುವುದಿಲ್ಲ. ನಿಮಿಷಗಟ್ಟಲೆ ಹಸಿರಾಗಿ ಹೊಳೆಯುತ್ತ ಉಳಿದರೆ ಅದು ಈಚೆಗೆ ತುಂಬಿದ ಹೊಸ ಬಣ್ಣ. ಮುಳ್ಳುಗಳು ಹೊಳೆದು ಅಂಕಿಗಳು ಹೊಳೆಯದಿದ್ದರೆ ಮುಳ್ಳುಗಳನ್ನು ಬದಲಾಯಿಸಿದ್ದಾರೆ ಎಂದರ್ಥ. ವರ್ಷಗಟ್ಟಲೆ ಒಂದೇ ಸಮಯದಲ್ಲಿ ನಿಂತುಬಿಟ್ಟ ರೇಡಿಯಮ್ ವಾಚಿನಲ್ಲಿ ಮುಳ್ಳಿನ ಕೆಳಗಿನ ಡಯಲ್ ಕಂದಿ, ಕಂದುಬಣ್ಣದ ನೆರಳು ಬಿದ್ದಿರುತ್ತದೆ. ಕಲೆ ಎಂದು ಅದನ್ನು ಒರೆಸಲು ಹೋಗಬೇಡಿ. ಡಯಲ್ ಮತ್ತು ಮುಳ್ಳು ಬಹುಕಾಲ ಒಟ್ಟಿಗೇ ಇದ್ದವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ರೇಡಿಯಮ್ ವಾಚನ್ನು ಮನೆಯಲ್ಲಿ ಬಿಚ್ಚಬಾರದು. ಮುಚ್ಚಿದ ವಾಚಿಗಿಂತ ಪುಡಿಯಾಗಿ ಉದುರಿದ ಬಣ್ಣ ಉಸಿರಿನಲ್ಲೋ ಊಟದಲ್ಲೋ ಒಳಸೇರುವುದೇ ಹೆಚ್ಚು ಅಪಾಯ. ರಿಪೇರಿಗೆ ಕೊಡುವಾಗ ‘ಇದು ರೇಡಿಯಮ್’ ಎಂದು ಬಾಯಿಬಿಟ್ಟು ಹೇಳಿ, ಏಕೆಂದರೆ ಊದಿ ಧೂಳು ಹಾರಿಸುವುದು ನಮ್ಮ ಅನೇಕ ರಿಪೇರಿಯವರಿಗೆ ಕೈಗೆ ಬಂದ ಅಭ್ಯಾಸ. ರೇಡಿಯಮ್ಮಿನಿಂದ ರೇಡಾನ್ ಎಂಬ ಅನಿಲ ಹುಟ್ಟುವುದರಿಂದ ಇಂತಹ ಹತ್ತಾರು ವಾಚುಗಳನ್ನು ಮಲಗುವ ಕೋಣೆಯ ಬೀರುವಿನಲ್ಲಿ ತುಂಬಿಡದೆ ಗಾಳಿಯಾಡುವ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಕೊಳ್ಳುವಾಗ

ಕೆಲವು ವರ್ಷಗಳ ಹಿಂದೆ ಹೊರದೇಶದ ಮಾರಾಟಗಾರರೊಬ್ಬರಿಂದ ನಾನು ಎಲ್ಜಿನ್ ಎ-11 ಒಂದನ್ನು ತರಿಸಿಕೊಂಡೆ. ಬೆನ್ನಿನ ಬರಹ ಸರಿಯಾಗಿತ್ತು, ಡಯಲ್ ಸೊಗಸಾಗಿತ್ತು, ಚಿತ್ರಗಳು ಹತ್ತಕ್ಕೂ ಹೆಚ್ಚಿದ್ದವು. ಪೊಟ್ಟಣ ಬಿಚ್ಚಿ, ಕೀ ಕೊಟ್ಟು, ಹೊರಕ್ಕೆ ಎಳೆದರೆ ಸೆಕೆಂಡಿನ ಮುಳ್ಳು ನನ್ನನ್ನು ಲೆಕ್ಕಿಸದೆ ಓಡುತ್ತಲೇ ಇತ್ತು. ಪರಿಚಯದ ರಿಪೇರಿಯವರು ಮುಚ್ಚಳ ತೆಗೆದು, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ತಲೆ ಎತ್ತದೆಯೇ ಹೇಳಿದರು: “ಸಾರ್, ಮುಳ್ಳು ನಿಲ್ಲಿಸೋ ಪತ್ತಿ ಇದ್ದ ಜಾಗ ಇದೆ, ಪತ್ತಿ ಇಲ್ಲ. ಯಾರೋ ತೊಂದ್ರೆ ಕೊಡ್ತಿದೆ ಅಂತ ಕಿತ್ತು ಎಸೆದಿದ್ದಾರೆ.” ಆ ಸಣ್ಣ ತುಂಡಿಗಾಗಿ ಇನ್ನೊಂದು ಕೆಟ್ಟ ಯಂತ್ರವನ್ನು ಕೊಂಡದ್ದು ಬೇರೆ ಖರ್ಚು.

ಅಂದಿನಿಂದ ಹಣ ಕಳಿಸುವ ಮುನ್ನ ಕೀ ಎಳೆದು ಒತ್ತುವ ಅರ್ಧ ನಿಮಿಷದ ವಿಡಿಯೊ ಕೇಳುತ್ತೇನೆ. ಅದರ ಜೊತೆಗೆ ಮುಚ್ಚಳ ತೆಗೆದ ಯಂತ್ರದ ಚಿತ್ರ, ಮುಚ್ಚಳದ ಒಳಮೈಯ ಚಿತ್ರ, ಓರೆ ಬೆಳಕಿನಲ್ಲಿ ತೆಗೆದ ಬೆನ್ನಿನ ಚಿತ್ರ ಬೇಕು. ವಾಚಿನ ನಡೆಯನ್ನು ಅಳೆಯುವ ಟೈಮಿಂಗ್ ಯಂತ್ರದ ಮೇಲಿಟ್ಟು ತೆಗೆದ ಅಂಕಿಗಳಿದ್ದರೆ ಇನ್ನೂ ಒಳ್ಳೆಯದು. ಡಯಲ್ ಮೇಲೆ, ಡಯಲ್ ಕೆಳಗೆ ಎಂದು ಎರಡು ಭಂಗಿಗಳ ನಡುವೆ ಭಾರಿ ವ್ಯತ್ಯಾಸ ಕಂಡರೆ ಯಂತ್ರಕ್ಕೆ ಕೆಲಸ ಬಾಕಿಯಿದೆ ಎಂದು ತಿಳಿದು ಬೆಲೆ ಮಾತಾಡಬಹುದು. ಚಿತ್ರ ಕೇಳಿದರೆ ಸಿಡುಕುವ ಮಾರಾಟಗಾರರನ್ನು ಬಿಟ್ಟುಬಿಡಿ, ಮತ್ತೊಂದು ವಾಚು ಬಂದೇ ಬರುತ್ತದೆ. ಹೊರದೇಶದಿಂದ ತರಿಸುವುದಾದರೆ ಆಮದು ಸುಂಕವನ್ನೂ ಸಾಗಣೆಯ ವಿಮೆಯನ್ನೂ ವಾಚಿನ ಬೆಲೆಯ ಭಾಗವೆಂದೇ ಲೆಕ್ಕ ಹಾಕಬೇಕು. ಸುಂಕ ಉಳಿಸಲು ಬಿಲ್ಲಿನಲ್ಲಿ ಕಡಿಮೆ ಮೊತ್ತ ಬರೆಸಿದರೆ ಕಾನೂನಿಗೆ ವಿರುದ್ಧವಾಗುವುದಲ್ಲದೆ, ದಾರಿಯಲ್ಲಿ ಕಳೆದಾಗ ಪರಿಹಾರವೂ ಆ ಕಡಿಮೆ ಮೊತ್ತಕ್ಕೇ ಸಿಗುತ್ತದೆ.

ಭಾರತೀಯ ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿ ಇರುವ ಬೆಂಗಳೂರಿನಲ್ಲಿ ನಿವೃತ್ತ ವೈಮಾನಿಕರ ಕುಟುಂಬಗಳು ಬಹಳ. ಅಂತಹ ಮನೆಯಿಂದ ವಾಚು ಬಂದರೆ ಅದಕ್ಕೆ ಜೊತೆಯಾಗುವ ಕಾಗದಗಳು ವಾಚಿನಷ್ಟೇ ಬೆಲೆಯುಳ್ಳವು. ಹಾರಾಟದ ಲಾಗ್‌ಬುಕ್, ವಾಚು ಕಟ್ಟಿಕೊಂಡ ಒಂದು ಹಳೆಯ ಫೋಟೊ, ಯಾವ ವರ್ಷ ಎಲ್ಲಿದ್ದರು ಎಂಬ ಟಿಪ್ಪಣಿ ಇಷ್ಟಿದ್ದರೂ ಸಾಕು. ಮೂಲ ಲಾಗ್‌ಬುಕ್ ಕುಟುಂಬದಲ್ಲೇ ಉಳಿಯಲಿ. ಪುಟಗಳ ಫೋಟೊ ತೆಗೆದುಕೊಳ್ಳಲು ಅನುಮತಿ ಕೇಳಿ. ಕಾಗದವಿಲ್ಲದೆ ಬರೀ ಬಾಯಿಮಾತಿನಲ್ಲಿ ಬಂದ ಯುದ್ಧದ ಕತೆಗೆ ಹೆಚ್ಚುವರಿ ಹಣ ಕೊಡಬೇಡಿ. ಕತೆ ಸುಳ್ಳೆಂದಲ್ಲ, ನಾಳೆ ನೀವು ಅದನ್ನು ತೋರಿಸಿಕೊಡಲಾರಿರಿ. ತಯಾರಕರ ದಾಖಲೆಯೂ ಕೆಲವೊಮ್ಮೆ ನೆರವಿಗೆ ಬರುತ್ತದೆ. ಲಾಂಜಿನ್ಸ್ ಸಂಸ್ಥೆ ಸ್ವಿಟ್ಜರ್ಲೆಂಡಿನ ಸೇಂಟ್-ಇಮಿಯೆಯಲ್ಲಿ ಹಳೆಯ ಕೈಬರಹದ ಲೆಕ್ಕಪುಸ್ತಕಗಳನ್ನು ಕಾಪಾಡಿಕೊಂಡಿದ್ದು, ಯಂತ್ರದ ಸಂಖ್ಯೆ ಕಳಿಸಿದರೆ ಅದು ಯಾವ ದಿನ ಯಾರಿಗೆ ಹೋಯಿತೆಂದು ಹುಡುಕಿ ತಿಳಿಸುತ್ತದೆ.

ಮನೆಗೆ ಬಂದ ಮೇಲೆ

ಪಾಲಿಶ್ ಮಾಡಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ, ಏಕೆಂದರೆ ರಿಪೇರಿಗೆ ಕೊಟ್ಟ ವಾಚು ಕೇಳದೆಯೇ ಪಳಪಳ ಹೊಳೆಯುತ್ತ ವಾಪಸು ಬರುವುದು ನಮ್ಮಲ್ಲಿ ಸಾಮಾನ್ಯ. ಅವರು ಅದನ್ನು ಉಪಕಾರವೆಂದೇ ಮಾಡಿರುತ್ತಾರೆ. ಸೈನಿಕ ವಾಚಿನ ಕೇಸು ಬಹುಪಾಲು ಮಂದ ಮೆರುಗಿನದು. ಬಫ್ ಚಕ್ರಕ್ಕೆ ಒಮ್ಮೆ ಹಿಡಿದರೆ ಅಂಚುಗಳು ದುಂಡಗಾಗುತ್ತವೆ, ಬೆನ್ನಿನ ಅಂಕಿಗಳು ತೆಳುವಾಗುತ್ತವೆ, ಮರಳಿ ತರುವ ದಾರಿ ಇಲ್ಲ. ಕೊಡುವ ಚೀಟಿಯ ಮೇಲೆಯೇ ‘ಯಂತ್ರ ಶುಚಿ ಮಾಡಿ ಎಣ್ಣೆ ಹಾಕುವುದು ಮಾತ್ರ, ಕೇಸು ಡಯಲ್ ಮುಳ್ಳು ಮುಟ್ಟಬಾರದು, ತೆಗೆದ ಭಾಗಗಳನ್ನು ವಾಪಸು ಕೊಡಬೇಕು’ ಎಂದು ಬರೆಸಿಕೊಳ್ಳಿ.

ಪಟ್ಟಿಯ ವಿಷಯದಲ್ಲಿ ಒಂದು ತೊಡಕಿದೆ. ಮಾರ್ಕ್ 11ರಂತಹ ವಾಚುಗಳಲ್ಲಿ ಪಟ್ಟಿ ಸಿಕ್ಕಿಸುವ ಸರಳುಗಳು ಕೇಸಿಗೇ ಬೆಸೆದಿರುತ್ತವೆ, ಅಂಗಡಿಯಲ್ಲಿ ಸಿಗುವ ಸ್ಪ್ರಿಂಗ್ ಕಡ್ಡಿಯ ಬೆಲ್ಟು ಕೂರುವುದಿಲ್ಲ. ಅದಕ್ಕೆ ಕೆಳಗಿನಿಂದ ತೂರಿಸುವ ಒಂದೇ ತುಂಡಿನ ಬಟ್ಟೆಯ ಪಟ್ಟಿಯೇ ಸರಿ. ಬೂದುಬಣ್ಣದ ನೈಲಾನ್ ಪಟ್ಟಿಗೆ ಬ್ರಿಟಿಷ್ ರಕ್ಷಣಾ ಇಲಾಖೆಯ ವಿವರಪಟ್ಟಿ ಬಂದದ್ದು 1973ರಲ್ಲಿ. 1950ರ ದಶಕದ ರೂಪ ಬೇಕೆನ್ನುವವರು ಬಾಂಕ್ಲಿಪ್ ಎಂಬ, ಬಿದಿರ ತಟ್ಟಿಯಂತೆ ಕಾಣುವ ಉಕ್ಕಿನ ಪಟ್ಟಿಯನ್ನು ಹುಡುಕುತ್ತಾರೆ. ಸರಳನ್ನು ಕತ್ತರಿಸಿ ತೂತು ಕೊರೆದು ಬೆಲ್ಟು ಹಾಕಿಕೊಡುತ್ತೇವೆ ಎನ್ನುವವರಿಂದ ವಾಚನ್ನು ಕೂಡಲೇ ವಾಪಸು ಇಸಿದುಕೊಳ್ಳಿ.

ಕಟ್ಟಿಕೊಳ್ಳುವ ದಿನ ಬೆಳಗ್ಗೆ ಒಮ್ಮೆ ಕೀ ಕೊಡಿ, ಬಿಗಿ ಸಿಕ್ಕಿದೊಡನೆ ನಿಲ್ಲಿಸಿ. ಬೆನ್ನಿನ ಮೇಲೆ ನೀರು ನಿರೋಧಕ ಎಂದು ಏನೇ ಬರೆದಿದ್ದರೂ ಎಪ್ಪತ್ತು ವರ್ಷದ ಕೇಸನ್ನು ನಂಬಿ ಕೈತೊಳೆಯುವ ನಲ್ಲಿಯ ಕೆಳಗೂ ಹಿಡಿಯಬೇಡಿ. ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಹೇರ್‌ಸ್ಪ್ರಿಂಗಿಗೆ ಕಾಂತಶಕ್ತಿ ಹಿಡಿದಿರುವ ಸಂಭವ ಹೆಚ್ಚು. ದಿಕ್ಸೂಚಿಯ ಪಕ್ಕ ಹಿಡಿದಾಗ ಅದರ ಮುಳ್ಳು ವಾಚಿನ ಸ್ಪಂದನಕ್ಕೆ ತಕ್ಕಂತೆ ಕಂಪಿಸಿದರೆ ಖಚಿತ. ರಿಪೇರಿಯವರ ಬಳಿ ಕಾಂತಶಕ್ತಿ ತೆಗೆಯುವ ಯಂತ್ರ ಇರುತ್ತದೆ, ಒಂದು ನಿಮಿಷದ ಕೆಲಸ. ಮಲೆನಾಡು ಕರಾವಳಿಯವರಿಗೆ ಮಳೆಗಾಲದ ತೇವವೇ ದೊಡ್ಡ ಶತ್ರು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟು, ಅದರ ಹರಳಿನ ಬಣ್ಣ ತಿರುಗಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ರೇಡಿಯಮ್ ವಾಚಾದರೆ ಆ ಡಬ್ಬಿಯನ್ನು ಕಿಟಕಿಯ ಬಳಿ, ಮುಖ ದೂರವಿಟ್ಟು ತೆರೆಯಿರಿ. ಚರ್ಮದ ಪಟ್ಟಿಯನ್ನು ಕಳಚಿ ಬೇರೆಡೆ ಇಡುವುದು ಕ್ಷೇಮ, ಬೂಷ್ಟು ಮೊದಲು ಹಿಡಿಯುವುದು ಅದಕ್ಕೇ.

ಕೊನೆಯದಾಗಿ, ಒಂದು ನೋಟುಪುಸ್ತಕ. ಪ್ರತಿ ವಾಚಿಗೂ ಎರಡು ಪುಟ ಬಿಟ್ಟು, ಬೆನ್ನಿನ ಬರಹವನ್ನು ಇದ್ದ ಹಾಗೆಯೇ ನಕಲು ಮಾಡಿ, ಯಂತ್ರದ ಸಂಖ್ಯೆ, ಕೊಂಡ ದಿನ, ಕೊಟ್ಟ ಹಣ, ಬಂದಾಗ ದಿನಕ್ಕೆ ಎಷ್ಟು ಸೆಕೆಂಡು ತಪ್ಪುತ್ತಿತ್ತು ಎಂಬುದನ್ನು ಬರೆದಿಡಿ. ನೀವು ಬದಲಾಯಿಸಿದ ಭಾಗ ಯಾವುದು, ಎಂದು, ಯಾರ ಕೈಯಲ್ಲಿ ಎಂಬುದನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿ, ತೆಗೆದ ಗಾಜು, ಕೀ, ಮೇನ್‌ಸ್ಪ್ರಿಂಗುಗಳನ್ನು ಸಣ್ಣ ಪೊಟ್ಟಣಗಳಲ್ಲಿ ಹಾಕಿ, ಪೊಟ್ಟಣದ ಮೇಲೆ ವಾಚಿನ ಸಂಖ್ಯೆ ಬರೆದು ಅದೇ ಡಬ್ಬಿಯಲ್ಲಿಡಿ. ನನ್ನ ಎಲ್ಜಿನ್‌ನ ಪುಟದಲ್ಲಿ ಮುಳ್ಳು ನಿಲ್ಲಿಸುವ ಪತ್ತಿಯನ್ನು ಬೇರೆ ಯಂತ್ರದಿಂದ ತಂದು ಹಾಕಿದ್ದು ಎಂದು ಕೆಂಪು ಶಾಯಿಯಲ್ಲಿ ಬರೆದಿದೆ. ನಾಳೆ ಅದನ್ನು ಕೊಳ್ಳುವವರು ಮೊದಲು ಆ ಪುಟ ಓದಿ, ಆಮೇಲೆ ಬೆಲೆ ಹೇಳಲಿ.